ಹಗೇವಿನ ರಾಗಿ

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲು ನರಸೀಪುರದ ಸಮೀಪದಲ್ಲಿ ಸೋಸಲೆಯೆಂಬ ಗ್ರಾಮವುಂಟು. ಈ ಸೀಮೆಯಲ್ಲಿ ಕಾಲುವೆಯ ನೀರು ಹರಿವೆಡೆ ಭತ್ತವೂ, ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿಯೂ ಬೆಳೆಯುತ್ತವೆ. ನದಿಯು ಹತ್ತಿರವಿದ್ದರೂ ಹೊಲದ ಒಕ್ಕಲಿಗನಿಗೆ ಆಕಾಶವೇ ಗತಿ. ಆದುದರಿಂದ ಬೆಳೆಯುವ ವಿದ್ಯೆಯಷ್ಟೇ ಕಾಪಿಡುವ ವಿದ್ಯೆಯೂ ಈ ನಾಡಿನ ರೈತನಿಗೆ ಅವಶ್ಯವಾಗಿದ್ದಿತು.

ಭತ್ತವನ್ನು ಸಗಣಿ ಸಾರಿಸಿದ ಬಿದಿರಿನ ಕಣಜದಲ್ಲಿಯೂ, ಕಾಳುಗಳನ್ನು ಬೂದಿಯನ್ನೋ ಕೆಮ್ಮಣ್ಣನ್ನೋ ಬೆರಸಿ ಮಣ್ಣಿನ ವಾಡೆಗಳಲ್ಲಿಯೂ ಇಡುತ್ತಿದ್ದರು. ರಾಗಿಯ ಮನೆಯಾದರೋ ಹಗೇವು. ನೀರು ನಿಲ್ಲದ ಗಟ್ಟಿನೆಲವನ್ನು ಆರಿಸಿ, ಒಬ್ಬನು ಇಳಿಯುವಷ್ಟೇ ಬಾಯಿಬಿಟ್ಟು, ಒಳಗೆ ಕೋಣೆಯಂತೆ ಅಗೆದು, ಸುತ್ತಲೂ ಹುಲ್ಲನ್ನು ಕಟ್ಟಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣನ್ನು ಮೆತ್ತುವರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಈ ಪದ್ಧತಿಯನ್ನು ಬರೆದಿಟ್ಟಿರುವನು. ಮುಚ್ಚಿದ ಹಗೇವಿನಲ್ಲಿ ಧಾನ್ಯದ ಉಸಿರಾಟದಿಂದ ಆಮ್ಲಜನಕವು ಕುಗ್ಗಿ ಇಂಗಾಲಾಮ್ಲವು ಹೆಚ್ಚಲು, ಹುಳುಗಳು ಬದುಕಲಾರವು. ಮನುಷ್ಯನಿಗೂ ಅದೇ ಅಪಾಯ. ಬಾಯಿ ತೆರೆದು, ಗಾಳಿಯಾಡಿಸಿ, ಇಳಿಬಿಟ್ಟ ದೀಪವು ನಂದದಿದ್ದರೆ ಮಾತ್ರ ಒಳಗಿಳಿಯುತ್ತಿದ್ದರು.

ಈ ಬಲಕ್ಕೂ ಒಂದು ಎಲ್ಲೆಯಿದ್ದಿತು. ಒಂದು ವರ್ಷ ಮಳೆ ತಪ್ಪಿದರೆ ಹಗೇವು ಮನೆಯನ್ನು ಕಾಯಬಲ್ಲುದು. ಮೇಲಿಂದ ಮೇಲೆ ತಪ್ಪಿದರೆ ತುಂಬಲು ರಾಗಿಯೆಲ್ಲಿ? ತುಂಡು ಹೊಲದವನಿಗೆ ಮಿಗುವುದೇ ಅಲ್ಪ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು (1876-78) ಇದನ್ನು ಕ್ರೂರವಾಗಿ ತೋರಿಸಿತು. 1871ರಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದಿದ್ದಿತು.

ತರುವಾಯ ಕಾಲುವೆಗಳು ಹಬ್ಬಿದವು. ಮಾರುಕಟ್ಟೆಯೂ ಪಡಿತರದ ಅಂಗಡಿಯೂ ಬಂದವು. ಧಾನ್ಯವು ಹಿತ್ತಿಲನ್ನು ಬಿಟ್ಟು ಸರ್ಕಾರದ ಉಗ್ರಾಣವನ್ನು ಸೇರಿತು. ಹಗೇವುಗಳು ಬರಿದಾದವು, ಹಲವು ಮುಚ್ಚಿಹೋದವು. ಉಗ್ರಾಣವು ಹಸಿವನ್ನು ತಡೆದುದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಋತುಗಳ ಕ್ರಮವೇ ಈಗ ಕದಲಿದೆ. 2021ರ ನವೆಂಬರಿನಲ್ಲಿ ಅಕಾಲದ ಮಳೆ ಸುರಿದು, ದಕ್ಷಿಣ ಕರ್ನಾಟಕದಲ್ಲಿ ಕೊಯ್ಲಿಗೆ ಬಂದ ರಾಗಿಯು ಹೊಲದಲ್ಲಿಯೇ ನೆನೆಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಬರದ ವರ್ಷಕ್ಕೆ ಹಗೇವು ಉತ್ತರವಾಗಬಲ್ಲುದು; ಕಣದ ಮೇಲೆ ಬಿದ್ದ ಮಳೆಗೆ ಆಗಲಾರದು. ಹಸಿ ರಾಗಿಯನ್ನು ಮುಚ್ಚಿಟ್ಟರೆ ಅದು ಕಾವೇರಿ ಬೂಷ್ಟು ಹಿಡಿಯುವುದು. ಆದಕಾರಣ ಚಿಕ್ಕ ಹಿಡುವಳಿಯ ರೈತನಿಗೆ ಈಗ ಮೊದಲು ಬೇಕಾದುದು ಮಾಡುಳ್ಳ ಕಣ, ಒಣಗಿಸಲು ತಾವು. ಹಲ್ಲಿಗೆ ಕಚ್ಚಿದರೆ ಕಟ್ಟೆನ್ನುವ ತನಕ ಕಾಳನ್ನು ಒಣಗಿಸಬೇಕೆಂಬುದು ಹಿರಿಯರ ಮೊದಲ ಪಾಠ. ಹಗೇವನ್ನು ಅಗೆಯುವುದು ಅದರ ಅನಂತರದ ಮಾತು.