ಹತ್ತೊಂಬತ್ತು ಪತ್ರಗಳು, ನಡೆಯದೇ ಹೋದ ಒಂದು ಮತದಾನ

ನೀವು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ನಿಂತ ಹಿರಿಯರೊಬ್ಬರನ್ನು ‘ನಮ್ಮ ಶಾಸಕರು ಏನು ಮಾಡಿದ್ದಾರೆ?’ ಎಂದು ಕೇಳಿ. ರಸ್ತೆ, ಚರಂಡಿ, ಕುಡಿಯುವ ನೀರು ಎಂದು ಒಂದೊಂದಾಗಿ ಹೇಳುತ್ತಾರೆ. ‘ವಿಧಾನಸಭೆಯಲ್ಲಿ ಯಾವ ಮಸೂದೆಗೆ ಹೇಗೆ ಮತ ಹಾಕಿದರು?’ ಎಂದರೆ ಸುಮ್ಮನಾಗುತ್ತಾರೆ. ಅದು ಅವರ ತಪ್ಪಲ್ಲ. ಅಂಥ ಲೆಕ್ಕವೇ ಬಹುಮಟ್ಟಿಗೆ ಇರುವುದಿಲ್ಲ.

ನಮ್ಮ ಶಾಸನಸಭೆಗಳಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಒಪ್ಪುವವರು ‘ಹೌದು’ ಎನ್ನುತ್ತಾರೆ, ಒಪ್ಪದವರು ‘ಇಲ್ಲ’ ಎನ್ನುತ್ತಾರೆ. ಯಾವ ಕಡೆಯ ದನಿ ದೊಡ್ಡದೆಂದು ಸಭಾಧ್ಯಕ್ಷರು ತೀರ್ಮಾನಿಸುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ, ಸಚಿವರಲ್ಲದ ಸದಸ್ಯರೊಬ್ಬರು ಏನೆಂದರು ಎಂಬುದು ಆ ಗದ್ದಲದಲ್ಲೇ ಕರಗಿಹೋಗುತ್ತದೆ. ಯಾರಾದರೂ ಪಟ್ಟುಹಿಡಿದು ಮತವಿಭಜನೆ ಕೇಳಿದಾಗ ಮಾತ್ರ ತಲೆ ಎಣಿಕೆ ನಡೆಯುತ್ತದೆ. ಆದ್ದರಿಂದ ಹಿಂದಿನ ಸಾಲಿನವರ ನಿಷ್ಠೆ ಎತ್ತ ಕಡೆಗಿದೆ ಎಂಬುದು ನಮಗೆ ಕಾಣುವುದು ಸರಕಾರವೇ ಅಲುಗಾಡಿದಾಗ.

1989ರ ಏಪ್ರಿಲ್‌ನಲ್ಲಿ ಆದದ್ದು ಅದೇ. ಆಗ ಎಸ್. ಆರ್. ಬೊಮ್ಮಾಯಿಯವರು ಜನತಾದಳ ಸರಕಾರದ ಮುಖ್ಯಮಂತ್ರಿ. ಏಪ್ರಿಲ್ 15ರಂದು ಸಂಪುಟಕ್ಕೆ 13 ಮಂದಿ ಹೊಸಬರು ಸೇರಿದರು. (ಸಂಪುಟ ವಿಸ್ತರಣೆಯ ಮರುದಿನ ಹಿಂದಿನ ಸಾಲುಗಳಲ್ಲಿ ಏನೆಲ್ಲ ಮಾತು ನಡೆಯುತ್ತದೆ ಎಂಬುದನ್ನು ನೀವೇ ಊಹಿಸಬಹುದು.) 17ರಂದು ಕೆ. ಆರ್. ಮೊಳಕೇರಿ ಎಂಬ ಶಾಸಕರು ಪಕ್ಷ ಬಿಟ್ಟರು. ಮರುದಿನ ಅವರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗೆ 19 ಪತ್ರಗಳನ್ನು ಕೊಟ್ಟರು. ಸರಕಾರಕ್ಕೆ ನಮ್ಮ ಬೆಂಬಲವಿಲ್ಲ ಎಂಬುದೇ ಅವುಗಳ ಸಾರ. 20ರಂದು ಆ ಹತ್ತೊಂಬತ್ತು ಮಂದಿಯಲ್ಲಿ ಏಳು ಮಂದಿ ಬೇರೆ ಪತ್ರ ಬರೆದರು. ತಪ್ಪು ಹೇಳಿ ತಮ್ಮಿಂದ ಸಹಿ ಪಡೆಯಲಾಗಿದೆ, ತಾವು ಸರಕಾರದ ಜೊತೆಗೇ ಇದ್ದೇವೆ ಎಂದರು!

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಏಳು ಮಂದಿಯ ಯಾವ ಮಾತನ್ನು ನಂಬಬೇಕು? ಹೆದರಿಕೆಯಿಂದಲೋ ಆಸೆಯಿಂದಲೋ ಮೊದಲ ಸಹಿ ಹಾಕಿರಬಹುದು. ಎರಡನೆಯದಕ್ಕೂ ಅದೇ ಕಾರಣವಿರಬಹುದು. ಕಾಗದದ ಮೇಲಿನ ಸಹಿಯನ್ನು ‘ನನ್ನದಲ್ಲ’ ಎನ್ನಬಹುದು. ಸಭೆಯಲ್ಲಿ ಎಲ್ಲರೆದುರು ಎದ್ದುನಿಂತು ಕೊಟ್ಟ ಮತವನ್ನು ಹಾಗೆನ್ನಲಾಗದು. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ ಮೀರಿ ಮತ ಹಾಕಿದವರು ಸ್ಥಾನ ಕಳೆದುಕೊಳ್ಳುವ ಸಂಭವವೂ ಇತ್ತು. ಏಪ್ರಿಲ್ 27ಕ್ಕೆ ಅಧಿವೇಶನ ಕರೆದು ಬಹುಮತ ತೋರಿಸುವುದಾಗಿ ಸಂಪುಟ ಹೇಳಿತ್ತು. ಆ ದಿನ ಬರಲೇ ಇಲ್ಲ. 21ರಂದೇ ರಾಷ್ಟ್ರಪತಿ ಆಳ್ವಿಕೆ ಜಾರಿಯಾಗಿ ವಿಧಾನಸಭೆ ವಿಸರ್ಜನೆಯಾಯಿತು. ಹತ್ತೊಂಬತ್ತು ಮಂದಿಯ ನಿಜವಾದ ಮತ ಯಾವುದಿತ್ತೆಂದು ಇತಿಹಾಸಕ್ಕೆ ಗೊತ್ತಿಲ್ಲ.

ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ಹೈಕೋರ್ಟಿನಲ್ಲಿ ಸೋಲಾಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದಿತು. ಅಷ್ಟರಲ್ಲಿ ಚುನಾವಣೆ ಮುಗಿದು ಐದು ವರ್ಷಗಳೇ ಕಳೆಯುತ್ತ ಬಂದಿದ್ದವು. ಗೆದ್ದವರಿಗೆ ಕುರ್ಚಿ ಸಿಗಲಿಲ್ಲ, ದೇಶಕ್ಕೆ ಒಂದು ನಿಯಮ ಸಿಕ್ಕಿತು.

ಆ ನಿಯಮ 2019ರ ಜುಲೈ 23ರಂದು ಕರ್ನಾಟಕದಲ್ಲೇ ಕೆಲಸಕ್ಕೆ ಬಂತು. ಎಚ್. ಡಿ. ಕುಮಾರಸ್ವಾಮಿಯವರ ವಿಶ್ವಾಸಮತಕ್ಕೆ ಸಾಲುಸಾಲಾಗಿ ತಲೆ ಎಣಿಸಲಾಯಿತು. ಪರ 99, ವಿರುದ್ಧ 105. ಆದರೆ ಫಲಿತಾಂಶ ನಿರ್ಧರಿಸಿದವರು ಆ ಎಣಿಕೆಯಲ್ಲಿ ಇರಲೇ ಇಲ್ಲ. ರಾಜೀನಾಮೆ ಕೊಟ್ಟು ಮುಂಬಯಿಯಲ್ಲಿ ತಂಗಿದ್ದ ಶಾಸಕರು ಸಭೆಗೇ ಬರಲಿಲ್ಲ. ವಿಪ್ ಮೀರಿ ಮತ ಹಾಕುವುದಕ್ಕಿಂತ ಮತವನ್ನೇ ಹಾಕದಿರುವ ಹೊಸ ದಾರಿ ಅದು. ಸಭಾಧ್ಯಕ್ಷ ಕೆ. ಆರ್. ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಬಹುದೆಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳ ಉಪಚುನಾವಣೆ ನಡೆದಾಗ, ಪಕ್ಷ ಬದಲಿಸಿದ ಹಲವರನ್ನು ಮತದಾರರೇ ಗೆಲ್ಲಿಸಿ ಕಳಿಸಿದರು. ಆದ್ದರಿಂದ ಬರೀ ಶಾಸಕರ ಮೇಲೆ ಗೂಬೆ ಕೂರಿಸಿದರೆ ಲೆಕ್ಕ ಸರಿಹೋಗದು.

ಹಾಗೆ ಗೆದ್ದವರಲ್ಲಿ ಎಸ್. ಟಿ. ಸೋಮಶೇಖರ್ ಮತ್ತು ಶಿವರಾಂ ಹೆಬ್ಬಾರ್ ಇದ್ದರು. 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯಲ್ಲಿ ಬಿಜೆಪಿ ಶಾಸಕರಾಗಿದ್ದ ಸೋಮಶೇಖರ್ ಕಾಂಗ್ರೆಸ್ಸಿಗೆ ಮತ ಹಾಕಿದರು, ಹೆಬ್ಬಾರ್ ಮತದಾನಕ್ಕೆ ಹೋಗಲಿಲ್ಲ. 2003ರಿಂದ ಈ ಚುನಾವಣೆಯಲ್ಲಿ ಶಾಸಕರು ಗುರುತು ಹಾಕಿದ ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮೊದಲು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. ಬಿಕರ್ನಕಟ್ಟೆಯ ನಮ್ಮ ಹಿರಿಯರಿಗೆ ತೋರಿಸಬೇಕೆಂಬ ನಿಯಮವಿಲ್ಲ. 2025ರ ಮೇ ತಿಂಗಳಲ್ಲಿ ಪಕ್ಷ ಇಬ್ಬರನ್ನೂ ಉಚ್ಚಾಟಿಸಿತು. ಶಾಸಕ ಸ್ಥಾನಗಳು ಮಾತ್ರ ಹಾಗೆಯೇ ಉಳಿದವು.