ಬಾಳಗೋಳಿಯಿಂದ ಕೆಮ್ಮಿನ ಶೀಸೆಗೆ

ನಮ್ಮ ಬೈಲಹೊಂಗಲವು 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತೆಂಬುದನ್ನು ತಾವು ಬಲ್ಲಿರಿ. ಆ ಮುಂಬಯಿಯ ಗಿರಣಿಗಳಲ್ಲಿ 1920ರ ದಶಕದಲ್ಲಿ ದುಡಿಯುತ್ತಿದ್ದ ಅನೇಕ ತಾಯಂದಿರು ಕೂಸು ಅಳದಿರಲೆಂದು ಅಫೀಮಿನ ‘ಬಾಳಗೋಳಿ’ ತಿನ್ನಿಸುತ್ತಿದ್ದರು. ಅವರನ್ನು ದೂರುವುದೆಂತು? ಕೂಸನ್ನು ನೋಡಿಕೊಳ್ಳುವವರಿರಲಿಲ್ಲ.

ಅದೇ ಅಫೀಮಿನಿಂದ 1832ರಲ್ಲಿ ಫ್ರಾನ್ಸಿನ ರೋಬಿಕೆ ಎಂಬ ರಸಾಯನಜ್ಞನು ಕೋಡೀನನ್ನು ಬೇರ್ಪಡಿಸಿದನು. ಇಂದಿನ ಕೆಲವು ಕೆಮ್ಮಿನ ಔಷಧಗಳಲ್ಲಿರುವುದು ಇದೇ. ದೇಹದಲ್ಲಿ ಇದರ ಒಂದು ಪಾಲು ಮಾರ್ಫೀನಾಗುತ್ತದೆ. ಕೆಲವರಲ್ಲಿ ಉಸಿರು ಕುಗ್ಗುವಷ್ಟು ಬೇಗ. ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪ್ರತ್ಯೇಕ ವಹಿಯಲ್ಲಿ ಬರೆದಿಡಬೇಕು ಎಂಬ ನಿಯಮ 2014ರಿಂದ ಜಾರಿಯಲ್ಲಿದೆ.

ಹನ್ನೆರಡು ವರ್ಷದೊಳಗಿನ ಮಕ್ಕಳಿಗೂ ಮೊಲೆಯೂಡುವ ತಾಯಿಗೂ ಇದು ಸಲ್ಲದು. ಮದ್ಯ, ನಿದ್ರೆಗುಳಿಗೆಗಳ ಜೊತೆಗಂತೂ ಬೇಡವೇ ಬೇಡ. ಅಡಿಗೆಮನೆಯ ಚಮಚ ಬಿಟ್ಟು, ಶೀಸೆಯೊಡನೆ ಬಂದ ಅಳತೆಯಿಂದಲೇ, ವೈದ್ಯರು ಹೇಳಿದಷ್ಟನ್ನೇ ಕುಡಿಯಿರಿ. ಕುಡಿದವರು ಕೂಗಿದರೂ ಏಳದೆ ಉಸಿರು ನಿಧಾನವಾದರೆ, ನಿದ್ದೆ ಹತ್ತಿದೆಯೆಂದು ಸುಮ್ಮನಿರದೆ ಆಗಲೇ ಆಸ್ಪತ್ರೆಗೆ ಒಯ್ಯಿರಿ, ಶೀಸೆಯೂ ಜೊತೆಗಿರಲಿ.