ನೀರು ಇಳಿದಾಗ ಕಾಣುವ ದಂಡೆ

ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವನು ಬಿಡುವಿನಲ್ಲಿ ರೇಣುಕಾಸಾಗರದ ತೆಪ್ಪ ಹತ್ತಿದೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಅದು. ಬೇಸಿಗೆಯಲ್ಲಿ ನೀರು ಇಳಿದು, ಜನರಿಲ್ಲದ ದಂಡೆಯೊಂದು ಎದ್ದಿತ್ತು. ದೂರದಿಂದ ಕಡಲತೀರದಂತೆಯೇ ಕಂಡಿತು. ಇಳಿದರೆ ಕಾಲಿಗೆ ತಾಗಿದ್ದು ಗೋಡೆಯ ಬುನಾದಿ.

"ನಾ ಹುಟ್ಟಿದ ಮನಿ ಇದ ನೋಡ್ರಿ" ಎಂದರು ಹುಟ್ಟು ಹಾಕುತ್ತಿದ್ದ ಹಿರಿಯರು.

ಇದೇ ನೀರು ಕಾಲುವೆಯಾಗಿ ನರಗುಂದ, ನವಲಗುಂದಗಳತ್ತ ಹರಿಯಿತು. ನೀರಿನ ಹಿಂದೆಯೇ ಕರದ ಹೊರೆಯೂ ಬಂತು. 1980ರ ಜುಲೈ 21ರಂದು ಅಲ್ಲಿಯ ರೈತರು ಸಿಡಿದೆದ್ದರು. ಗೋಲಿಬಾರಿನಲ್ಲಿ ಜೀವಗಳು ಹೋದವು. ಆ ಬಂಡಾಯಕ್ಕೆ ಚರಿತ್ರೆಯಲ್ಲಿ ಹೆಸರಿದೆ. ನೀರಿಗಾಗಿ ಮನೆ ಬಿಟ್ಟವರಿಗೆ?

ಹಿರಿಯರು ಬುನಾದಿಯ ಮೇಲೆ ಕೂತು ಬುತ್ತಿ ಬಿಚ್ಚಿ, ನನಗೂ ಅರ್ಧ ರೊಟ್ಟಿ ಮುರಿದುಕೊಟ್ಟರು. "ತಗೋರಿ, ಮನಿಗೆ ಬಂದವರು ಉಣ್ಣದ ಹೋಗಬಾರದು."